ನಾವು ನೋಡಿದ ಮತ್ತು ನೋಡಲಿರುವ ಚಿತ್ರಗಳು



ಈ ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ನಮ್ಮಿಂದ ಒಂದು ಲೇಖನವನ್ನು ಅಪೇಕ್ಷಿಸಿದಾಗ, ಅದು ಸ್ತ್ರೀವಿದ್ಯಾಭ್ಯಾಸವನ್ನಾಗಲಿ ಶಿಸ್ತಿನ ಮಹತ್ವವನ್ನಾಗಲಿ ಕುರಿತದ್ದಾಗಿರುವುದೆಂದು ನಂಬಿಕೊಂಡಿದ್ದರೆಂದು ತೋರುತ್ತದೆ. ಆ ಎರಡು ವಿಷಯಗಳ ಮೇಲೂ ಹಿಂದಿನ ಸಂಚಿಕೆಗಳಲ್ಲಿ ನಾವು ಬರೆದದ್ದಾಗಿದೆ. ಓದಿದವರು ಎಷ್ಟು ಮಂದಿಯೆಂದು ಕೇಳುವ ಧೈರ್ಯ ನಮಗಿಲ್ಲ. ಪೇಟೆಯಲ್ಲಿ, ಬಸ್ಸಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ ನಮ್ಮನ್ನು ಕಂಡ ಹಳೆಯ ವಿದ್ಯಾರ್ಥಿನಿಯರು ಕುಶಲಪ್ರಶ್ನೆಯ ತರುವಾಯ ಕೇಳುವ ಎರಡನೆಯ ಮಾತು ಮಾತ್ರ ಯಾವಾಗಲೂ ಒಂದೇ: "ಟೀಚರ್, ಆ ಸಿನೇಮಾ ನೋಡಿದಿರಾ? ಹೇಗಿದೆ?" ಆದಕಾರಣ ಈ ಸಾರಿ ಅದನ್ನೇ ಬರೆದುಬಿಡುವುದೆಂದು ನಿಶ್ಚಯಿಸಿದೆವು.

ನಾವು ಸಿನೇಮಾಪ್ರಿಯರೆಂಬುದು ಈ ಊರಿನಲ್ಲಿ ಗುಟ್ಟಾಗಿ ಉಳಿದಿಲ್ಲ. ಶನಿವಾರ ಬೆಳಗ್ಗಿನ ತರಗತಿಗಳು ಮುಗಿದು, ಹಾಜರಿ ಪುಸ್ತಕಗಳು ಬೀರುವಿಗೆ ಸೇರಿ, ಜವಾನನು ಬಾಗಿಲಿಕ್ಕಿದ ಮೇಲೆ, ಮನೆಯ ದಾರಿಯನ್ನು ಬಿಟ್ಟು ಚಿತ್ರಮಂದಿರದ ದಾರಿಯನ್ನು ಹಿಡಿಯುವುದು ನಮಗೆ ಅನೇಕ ವರ್ಷಗಳ ರೂಢಿ. ಒಂದು ಸಾರಿ ಮಧ್ಯವಿರಾಮದಲ್ಲಿ ದೀಪಗಳು ಹತ್ತಿಕೊಂಡಾಗ, ನಮ್ಮ ಮುಂದಿನ ಸಾಲಿನಲ್ಲಿ ಹತ್ತನೆಯ ತರಗತಿಯ ನಾಲ್ವರು ಹುಡುಗಿಯರು ಕುಳಿತಿದ್ದುದು ಕಂಡುಬಂತು. ಅವರು ನಮ್ಮನ್ನು ನೋಡಿದರು. ನಾವು ಅವರನ್ನು ನೋಡಿದೆವು. ಅವರ ಕೈಯಲ್ಲಿಯೂ ಗೋಳಿಬಜೆಯ ಪೊಟ್ಟಣ, ನಮ್ಮ ಕೈಯಲ್ಲಿಯೂ ಗೋಳಿಬಜೆಯ ಪೊಟ್ಟಣ. ಸೋಮವಾರ ಉಭಯಪಕ್ಷದವರೂ ಆ ವಿಷಯವನ್ನು ಎತ್ತಲಿಲ್ಲ. ಅವರಲ್ಲಿ ಒಬ್ಬಳು ಈಗ ಎರಡು ಮಕ್ಕಳ ತಾಯಿಯಾಗಿ ಈ ಸಂಚಿಕೆಯನ್ನು ಓದುತ್ತಿರುವಳು. ಅವಳಿಗೆ ನಮ್ಮ ನಮಸ್ಕಾರ.

ನಮ್ಮ ಬಾಲ್ಯದಲ್ಲಿ ಈ ಸ್ವಾತಂತ್ರ್ಯವಿರಲಿಲ್ಲ. ನಾವು ಬೆಳೆದ ಬೋರ್ಡಿಂಗಿನಲ್ಲಿ ಸಿನೇಮಾ ನಿಷಿದ್ಧ, ಸಿನೇಮಾದ ಹಾಡೂ ನಿಷಿದ್ಧ. ಬಟ್ಟೆ ಒಗೆಯುವ ಕಲ್ಲಿನ ಬಳಿ ಯಾರಾದರೂ ಮೈಮರೆತು ಒಂದು ಚರಣವನ್ನು ಗುನುಗಿದರೆ, ಮೇಟ್ರನ್ ಅಮ್ಮನವರು ಸತ್ಯವೇದದ ಕೀರ್ತನೆಯೊಂದನ್ನು ಬಾಯಿಪಾಠ ಮಾಡಿ ಒಪ್ಪಿಸುವ ಶಿಕ್ಷೆ ಕೊಡುತ್ತಿದ್ದರು. ನಮಗೆ ಈ ಹೊತ್ತಿಗೂ ಕೀರ್ತನೆಗಳು ಹೇರಳವಾಗಿ ಕಂಠಸ್ಥವಾಗಿವೆ. ಕಾರಣವನ್ನು ವಾಚಕರೇ ಊಹಿಸಬಹುದು. ಆದರೂ ನಾವು ಕಂಡ ಮೊತ್ತಮೊದಲ ಚಲಚ್ಚಿತ್ರವನ್ನು ತೋರಿಸಿದವರು ಸಭೆಯ ಹಿರಿಯರೇ. ದೇವಾಲಯದ ಅಂಗಳದಲ್ಲಿ ಎರಡು ಅಡಕೆಮರದ ಕಂಬಗಳ ನಡುವೆ ಬಿಳಿ ಬಟ್ಟೆಯನ್ನು ಬಿಗಿದು, ತೆಲುಗಿನಲ್ಲಿ 1978ರಲ್ಲಿ ತಯಾರಾದ "ಕರುಣಾಮಯುಡು" ಎಂಬ ಕ್ರಿಸ್ತಚರಿತ್ರೆಯ ಚಿತ್ರವನ್ನು ತೋರಿಸಿದರು. ಗಾಳಿ ಬಂದಾಗಲೆಲ್ಲ ಬಟ್ಟೆ ಉಬ್ಬಿ, ಗಲಿಲಾಯದ ಸಮುದ್ರಕ್ಕೆ ತಾನಾಗಿ ಅಲೆಗಳೆದ್ದವು. ಜಾಗ ಸಾಲದೆ ಬಟ್ಟೆಯ ಹಿಂಬದಿಯಲ್ಲಿ ಕುಳಿತ ನಮಗೆ ಶಿಷ್ಯರೆಲ್ಲರೂ ಎಡಗೈಯಿಂದ ರೊಟ್ಟಿ ಮುರಿಯುವವರಾಗಿ ಕಂಡರು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಭಕ್ತಿಯಿಂದಲೋ ಸಿನೇಮಾದಿಂದಲೋ ಎಂಬುದನ್ನು ಇಂದಿಗೂ ಬೇರ್ಪಡಿಸಲಾರೆವು.

ಇನ್ನು ಅಭಿಪ್ರಾಯಗಳಿಗೆ ಬರುವೆವು. ಮೊದಲು ಒಂದು ಹಳೆಯ ದೂರನ್ನು ಹೇಳಿ ಮುಗಿಸಬೇಕಾಗಿದೆ. ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಕಥೆಯನ್ನಾಧರಿಸಿ 1972ರಲ್ಲಿ ತೆಗೆದ "ನಾಗರಹಾವು" ಚಿತ್ರವನ್ನು ಅರಿಯದ ಕನ್ನಡಿಗರಿಲ್ಲ. ಅದರಲ್ಲಿನ ಮಾರ್ಗರೆಟ್ ಎಂಬ ಕ್ರೈಸ್ತ ಕನ್ಯೆಯ ಹೆಸರು, ನಾವು ಕಾಲೇಜಿನಲ್ಲಿ ಓದುತ್ತಿದ್ದಾಗ ನಮ್ಮಂಥ ಹುಡುಗಿಯರೆಲ್ಲರಿಗೂ ಅಡ್ಡಹೆಸರಾಗಿ ಅಂಟಿಕೊಂಡಿತ್ತು. ಆ ಪಾತ್ರವನ್ನಾದರೂ ಹೃದಯವುಳ್ಳ ಮನುಷ್ಯಳಾಗಿ ಚಿತ್ರಿಸಿದ್ದಾರೆಂದು ಒಪ್ಪುವೆವು. ಆದರೆ ಆ ಬಳಿಕ ಬಂದ ಎಷ್ಟೋ ಚಿತ್ರಗಳಲ್ಲಿ ಕ್ರೈಸ್ತ ಸ್ತ್ರೀಯೆಂದರೆ ಮೊಣಕಾಲಿನ ಮೇಲಿನ ಫ್ರಾಕು, ಕತ್ತರಿಸಿದ ಕೂದಲು, ಅರೆಬರೆ ಇಂಗ್ಲಿಷು ಬೆರೆಸಿದ ತೊದಲು ಕನ್ನಡ, ಮನೆಯಲ್ಲೊಬ್ಬ ಕುಡುಕ ತಂದೆ. ನಮ್ಮ ಅಜ್ಜಿಯವರು ಜೀವಮಾನವಿಡೀ ಸೀರೆಯನ್ನುಟ್ಟವರು. ಇಂಗ್ಲಿಷಿನ ಒಂದು ಅಕ್ಷರವನ್ನೂ ಅರಿಯದೆ, ಕನ್ನಡ ಸತ್ಯವೇದವನ್ನು ರಾಗವಾಗಿ ಓದುತ್ತಿದ್ದವರು. ಕಿಟ್ಟೆಲ್ ಪಂಡಿತರ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಕರಾವಳಿಯ ಮಂಗಳೂರಿನಲ್ಲಿ. ಇಷ್ಟಾಗಿಯೂ ನಮ್ಮನ್ನು ಕನ್ನಡ ಬಾರದವರೆಂದು ತೋರಿಸಿ ಜನರನ್ನು ನಗಿಸುವುದು ನಮಗೆ ಸಹಿಸದು.

ಅದೇ ಚಿತ್ರದ ಚಾಮಯ್ಯ ಮೇಷ್ಟರನ್ನು ಕಂಡಾಗಲೆಲ್ಲ ನಮಗೆ ಬೇರೊಂದು ಬಗೆಯ ಕಸಿವಿಸಿಯಾಗುತ್ತದೆ. ಅಶ್ವತ್ಥರ ಅಭಿನಯದ ಹಿರಿಮೆಯನ್ನು ನಾವು ಹೇಳಬೇಕಾದುದಿಲ್ಲ. ಶಿಷ್ಯನು ತಮ್ಮ ಮಾತನ್ನು ಮೀರುವವನಲ್ಲವೆಂದು ಬಲ್ಲ ಆ ಮೇಷ್ಟರು ಒಂದಲ್ಲ, ಎರಡು ಸಾರಿ ಅವನ ಬಾಳನ್ನು ತಮ್ಮ ಒಳ್ಳೆಯತನದಿಂದಲೇ ಕೆಡಿಸುತ್ತಾರೆ. ಉಪಾಧ್ಯಾಯ ವೃತ್ತಿಗೆ ಸೇರಿದ ಮೇಲೆ ಆ ಚಿತ್ರವನ್ನು ನಾವು ನೋಡಿದಷ್ಟು ಸಾರಿಯೂ ಅವರ ಕಡೆಗಿದ್ದ ನಮ್ಮ ಮರುಕವು ಸ್ವಲ್ಪ ಸ್ವಲ್ಪವಾಗಿ ಭಯವಾಗಿ ಮಾರ್ಪಟ್ಟಿದೆ. ಈ ಮಾತನ್ನು ಮುಂದೆ ಪುನಃ ಎತ್ತುವೆವು.

ಮಾರ್ಗರೆಟ್ಟಿನ ದೂರಿಗೆ ಅರ್ಧ ಸಮಾಧಾನವನ್ನು ಕೊಟ್ಟ ಚಿತ್ರವೆಂದರೆ 2023ರಲ್ಲಿ ಬಂದ "ಡೇರ್‌ಡೆವಿಲ್ ಮುಸ್ತಾಫಾ." ಪೂರ್ಣಚಂದ್ರ ತೇಜಸ್ವಿಯವರ ಕಥೆ, ಶಶಾಂಕ್ ಸೋಗಾಲರ ದಿಗ್ದರ್ಶನ, ಹಣ ಹಾಕಿದವರು ತೇಜಸ್ವಿಯವರ ಓದುಗರೇ ಎಂಬುದು ಇನ್ನೂ ಸಂತೋಷದ ಸಂಗತಿ. ಹಿಂದೂ ಹುಡುಗರೇ ತುಂಬಿದ ಅಬಚೂರಿನ ಕಾಲೇಜಿಗೆ ಒಬ್ಬ ಮುಸಲ್ಮಾನ ಹುಡುಗನು ಬಂದು ಸೇರಿದಾಗ ಹುಟ್ಟುವ ಊಹಾಪೋಹಗಳು, ಪೈಪೋಟಿ, ಕಡೆಗೊಂದು ಕ್ರಿಕೆಟ್ ಪಂದ್ಯ. ಉಪದೇಶ ಮಾಡುವ ಸಂದರ್ಭ ಹತ್ತು ಸಾರಿ ಬಂದರೂ ಬಾಯಿ ಬಿಗಿಹಿಡಿದು, ನಗಿಸುತ್ತಲೇ ಹೋಗುತ್ತದೆ. ನಮಗೆ ಅಷ್ಟು ಸಂಯಮ ಬಂದಿದ್ದರೆ ನಮ್ಮ ಬೆಳಗಿನ ಪ್ರಾರ್ಥನಾಸಭೆಗಳು ಹತ್ತು ನಿಮಿಷ ಮೊದಲೇ ಮುಗಿಯುತ್ತಿದ್ದವು.

"ಕೆ.ಜಿ.ಎಫ್." ಚಿತ್ರದ ಎರಡು ಭಾಗಗಳನ್ನು (2018 ಮತ್ತು 2022) ಕುರಿತು ಹೆಚ್ಚು ಬರೆಯುವುದಿಲ್ಲ. ಸದ್ದು ಬಹಳ, ಕತ್ತಲೆ ಬಹಳ, ನಮಗೆ ತಲೆನೋವು ಬಂತು. ಆದರೆ ಒಂಬತ್ತನೆಯ ತರಗತಿಯಲ್ಲಿ ರಾಕಿಯ ಮಾತುಗಳನ್ನು ತಪ್ಪಿಲ್ಲದೆ ಒಪ್ಪಿಸಬಲ್ಲವರು ಮೂವತ್ತು ಮಂದಿಯಿದ್ದು, ನಿಜವಾದ ಕೋಲಾರದ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿ ಬಂತೆಂಬುದನ್ನಾಗಲಿ, ಆ ಗಣಿ 2001ರಲ್ಲಿ ಮುಚ್ಚಿತೆಂಬುದನ್ನಾಗಲಿ ಬಲ್ಲವರು ಒಬ್ಬರೂ ಇಲ್ಲದಿದ್ದುದರಿಂದ, ಆ ವಾರದ ಎರಡು ಸಮಾಜ ಪಾಠಗಳನ್ನು ಅದಕ್ಕೇ ಮೀಸಲಿಟ್ಟೆವು. ಹುಡುಗಿಯರು ಅಷ್ಟು ಗಮನದಿಂದ ಚರಿತ್ರೆಯ ಪಾಠವನ್ನು ಕೇಳಿದ್ದನ್ನು ನಾವು ಹಿಂದೆ ಕಂಡಿರಲಿಲ್ಲ. "777 ಚಾರ್ಲಿ" (2022) ನೋಡಿ ಬಂದ ಮರುದಿನ ವಿದ್ಯಾರ್ಥಿನಿಲಯದ ಅಡುಗೆಮನೆಯಿಂದ ಹಾಲು ಕಡಿಮೆಯಾಗತೊಡಗಿತು. ಹಿತ್ತಿಲಿನಲ್ಲಿ ಮೂರು ನಾಯಿಮರಿಗಳು ಪತ್ತೆಯಾದವು. ಚಿತ್ರವು ಅಗತ್ಯಕ್ಕಿಂತ ಅರ್ಧ ಗಂಟೆ ಉದ್ದವಾಗಿದ್ದರೂ ಅದಕ್ಕಿಂತ ಒಳ್ಳೆಯ ವಿಮರ್ಶೆ ಬೇಕಾಗಿಲ್ಲ.

ರಿಷಬ್ ಶೆಟ್ಟಿಯವರು 2018ರಲ್ಲಿ ತೆಗೆದ "ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು" ಚಿತ್ರದ ಬಳಿ ಮಾತ್ರ ಸ್ವಲ್ಪ ಹೊತ್ತು ನಿಲ್ಲಬೇಕು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದ ಬಳಿಕ ಅಲ್ಲಿನ ಕನ್ನಡ ಶಾಲೆಗಳ ಪಾಡು ನಮ್ಮ ಕಡೆಯವರಿಗೆ ಹೊಸದಲ್ಲ. ಮಕ್ಕಳ ಗಲಾಟೆ, ಉಪಾಧ್ಯಾಯರ ಪೇಚಾಟ, ಅನಂತನಾಗರು ನ್ಯಾಯಾಲಯದಲ್ಲಿ ನಿಂತು ಮಾಡುವ ವಾದ, ಎಲ್ಲವೂ ಸೊಗಸಾಗಿದೆ. ಅದಕ್ಕೆ ಶ್ರೇಷ್ಠ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದದ್ದು ನ್ಯಾಯವೇ. ಚಿಕ್ಕ ಹುಡುಗರ ಪ್ರೇಮಪ್ರಸಂಗವನ್ನು ಅಷ್ಟು ಎಳೆಯಬೇಕಾಗಿರಲಿಲ್ಲ. ಆದರೆ ನಮ್ಮ ಮುಖ್ಯ ಆಕ್ಷೇಪ ಬೇರೆ. ಚಿತ್ರದಲ್ಲಿ ಕನ್ನಡ ಶಾಲೆಯನ್ನು ಮುಚ್ಚಹೊರಟವರು ಅನ್ಯಭಾಷೆಯ ಅಧಿಕಾರಿಗಳು. ಅವರೊಡನೆ ಕೋರ್ಟಿನಲ್ಲಿ ಹೋರಾಡಬಹುದು. ನಮ್ಮ ಕನ್ನಡ ಮಾಧ್ಯಮದ ವಿಭಾಗದಲ್ಲಿ ಬೆಂಚುಗಳು ವರ್ಷೇ ವರ್ಷೇ ಖಾಲಿಯಾಗುತ್ತಿರುವುದಕ್ಕೆ ಕಾರಣರಾದವರು ಅಧಿಕಾರಿಗಳಲ್ಲ. ನಮ್ಮನ್ನು ಕಂಡರೆ ಕೈಮುಗಿದು, ನಮ್ಮ ವಾರ್ಷಿಕೋತ್ಸವಕ್ಕೆ ಉದಾರವಾಗಿ ಚಂದಾ ಕೊಟ್ಟು, ತಮ್ಮ ಮಗಳನ್ನು ಮಾತ್ರ ಬೇರೆ ಕಡೆಯ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರೇ. ಅವರ ಮೇಲೆ ಯಾವ ಕೋರ್ಟಿಗೆ ಹೋಗೋಣ? ಈ ಕಥೆಯನ್ನು ಯಾರಾದರೂ ಚಿತ್ರ ಮಾಡುವುದಾದರೆ ನಮ್ಮ ಶಾಲೆಯ ಕಟ್ಟಡವನ್ನು ಬಾಡಿಗೆಯಿಲ್ಲದೆ ಕೊಡಲು ಸಿದ್ಧರಿದ್ದೇವೆ.

ಸ್ತ್ರೀಯರನ್ನು ಕುರಿತ ಚಿತ್ರಗಳಲ್ಲಿ ನಮ್ಮ ಮನಸ್ಸಿಗೆ ಬಹಳ ಹತ್ತಿರವಾದದ್ದು ಹೊಸದೇನಲ್ಲ. ವೈದೇಹಿಯವರ ಕಥೆಯಿಂದ ಗಿರೀಶ ಕಾಸರವಳ್ಳಿಯವರು 2008ರಲ್ಲಿ ತೆಗೆದ "ಗುಲಾಬಿ ಟಾಕೀಸು." ಕುಂದಾಪುರದ ಕಡೆಯ ಮೀನುಗಾರರ ನಡುವೆ ಬಾಳುವ ಗುಲಾಬಿ ಎಂಬ ಸೂಲಗಿತ್ತಿಗೆ ಸಿನೇಮಾದ ಹುಚ್ಚು. ಒಂದು ಹೆರಿಗೆಯನ್ನು ಸಸೂತ್ರವಾಗಿ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಬಣ್ಣದ ದೂರದರ್ಶನ ಪೆಟ್ಟಿಗೆ ಬಂದಾಗ ಅವಳ ಗುಡಿಸಲೇ ಕೇರಿಯ ಹೆಂಗಸರಿಗೆಲ್ಲ ಟಾಕೀಸಾಗುತ್ತದೆ. ಉಮಾಶ್ರೀಯವರಿಗೆ ಈ ಪಾತ್ರಕ್ಕಾಗಿ ರಾಷ್ಟ್ರಪ್ರಶಸ್ತಿ ದೊರೆಯಿತು. ಊರಿನಲ್ಲಿ ಜಾತಿಮತಗಳ ಜಗಳವೆದ್ದಾಗ, ನಿನ್ನೆಯವರೆಗೆ ಅವಳ ಚಾಪೆಯ ಮೇಲೆ ಕುಳಿತು ಚಿತ್ರ ನೋಡಿದವರೇ ದೂರವಾಗುವುದನ್ನು ತೋರಿಸುವಾಗ ಕಾಸರವಳ್ಳಿಯವರು ಎಲ್ಲಿಯೂ ದನಿಯೆತ್ತುವುದಿಲ್ಲ. ನಾವು ಆ ಚಿತ್ರವನ್ನು ನೋಡಿ ಹೊರಬಂದಾಗ ರಿಕ್ಷಾದವನು ಎಲ್ಲಿಗೆಂದು ಕೇಳಿದರೆ ಉತ್ತರ ತೋಚಲಿಲ್ಲ.

ಪೃಥ್ವಿ ಕೊಣನೂರರ "ಹದಿನೇಳೆಂಟು" ಚಿತ್ರವನ್ನು ಹೆಣ್ಣುಮಕ್ಕಳ ಶಾಲೆಗಳ ಮುಖ್ಯೋಪಾಧ್ಯಾಯಿನಿಯರೆಲ್ಲರೂ ನೋಡತಕ್ಕದ್ದು. 2022ರಲ್ಲಿ ಕೊರಿಯ ದೇಶದ ಬುಸಾನ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾದ ಚಿತ್ರವದು. ಕಾಲೇಜಿನ ಒಬ್ಬ ಹುಡುಗ, ಒಬ್ಬ ಹುಡುಗಿ. ಅವರದೇ ಮೊಬೈಲಿನಲ್ಲಿ ತೆಗೆದ ಗುಟ್ಟಿನ ದೃಶ್ಯವು ಊರೆಲ್ಲ ಹರಡಿಬಿಡುತ್ತದೆ. ತರುವಾಯ ವಿಚಾರಣಾ ಸಮಿತಿ. ತಪ್ಪು ಇಬ್ಬರದಾದರೂ ದಂಡವು ಹುಡುಗಿಯ ಕಡೆಗೇ ಹೇಗೆ ಹೊರಳುತ್ತದೆ, ಅವಳ ಜಾತಿಯು ಆ ಮೇಜಿನ ಮೇಲೆ ಯಾವಾಗ ಬಂದು ಕುಳಿತುಕೊಳ್ಳುತ್ತದೆ ಎಂಬುದನ್ನು ನೋಡುತ್ತಿದ್ದಂತೆ, ಅಂಥ ಮೇಜುಗಳ ಈಚೆಯ ಬದಿಯಲ್ಲಿ ಕುಳಿತು ಅಭ್ಯಾಸವಾಗಿರುವ ನಮಗೆ ಕುರ್ಚಿಯಲ್ಲಿ ನೆಟ್ಟಗೆ ಕುಳ್ಳಿರಲಾಗಲಿಲ್ಲ.

ಯಾಕೆಂದರೆ ನಮ್ಮ ಮೇಜಿನ ಮುಂದೆಯೂ ಒಂದು ಪ್ರಸಂಗ ನಡೆದುಹೋಗಿತ್ತು. ಅದನ್ನು ಹೇಳುವುದಕ್ಕೇ ಈ ಲೇಖನವನ್ನು ಬರೆಯಲಾರಂಭಿಸಿದೆವೆಂದು ಈಗ ಒಪ್ಪಿಕೊಂಡರೂ ತಪ್ಪಿಲ್ಲ.

2022ರ ಸೆಪ್ಟೆಂಬರ್ 30ರಂದು "ಕಾಂತಾರ" ಬಿಡುಗಡೆಯಾಯಿತು. ಅಕ್ಟೋಬರದಲ್ಲಿ ಈ ಕರಾವಳಿಯಲ್ಲಿ ಅದನ್ನು ಬಿಟ್ಟು ಬೇರೆ ಮಾತೇ ಇರಲಿಲ್ಲ. ನಾವು ಮೊದಲ ವಾರವೇ ನೋಡಿದೆವು. ಮರುವಾರ ಪುನಃ ನೋಡಿದೆವು. ದೋಷಗಳು ನಮಗೆ ಕಾಣಲಿಲ್ಲವೆಂದಲ್ಲ. ನಾಯಕನು ನಾಯಿಕೆಯ ನಡುವನ್ನು ಚಿವುಟುವುದೊಂದಿದೆ. ಅದನ್ನು ಪ್ರಣಯವೆಂದು ತಿಳಿಯಬೇಕಂತೆ. ನಮ್ಮ ಶಾಲೆಯ ಗೇಟಿನ ಮುಂದೆ ಯಾವನಾದರೂ ಹಾಗೆ ಮಾಡಿದರೆ ನಾವು ಪೊಲೀಸರನ್ನು ಕರೆಯುತ್ತೇವೆ. ಆದರೆ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ರಿಷಬ್ ಶೆಟ್ಟಿಯವರು ಮಾಡಿದ ಅಭಿನಯದ ಮುಂದೆ ನಮ್ಮ ಟಿಪ್ಪಣಿಗಳೆಲ್ಲ ಹಾರಿಹೋದವು. ಅವರಿಗೆ ಶ್ರೇಷ್ಠ ನಟನೆಂಬ ರಾಷ್ಟ್ರಪ್ರಶಸ್ತಿ ಪ್ರಕಟವಾದದ್ದು 2024ರಲ್ಲಿ. ಈ ಊರಿನವರು ಅದನ್ನು ಎರಡು ವರ್ಷ ಮೊದಲೇ ಕೊಟ್ಟಾಗಿತ್ತು. ಚಿತ್ರದ ಕಥೆ ಆರಂಭವಾಗುವುದು 1847ರಲ್ಲಿ. ನಮ್ಮ ಮಿಷನರಿಗಳು ಮಂಗಳೂರಿಗೆ ಬಂದು ಆಗ ಹದಿಮೂರು ವರ್ಷವಾಗಿತ್ತು. ಕನ್ನಡದ ಮೊದಲ ವೃತ್ತಪತ್ರಿಕೆ ಹುಟ್ಟಿ ನಾಲ್ಕು ವರ್ಷ. ಚಿತ್ರದ ರಾಜನು ಕಾಡಿನಲ್ಲಿ ದೈವದ ಕಲ್ಲಿನ ಮುಂದೆ ಮೊಣಕಾಲೂರುವಾಗ, ಇತ್ತ ನಮ್ಮ ಹಿರಿಯರು ಏನು ಉಪದೇಶವನ್ನು ಕೇಳುತ್ತಿದ್ದಿರಬಹುದೆಂದು ಯೋಚಿಸಿದೆವು.

ಆ ಅಕ್ಟೋಬರದ ಒಂದು ಬುಧವಾರ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಶಾಲೆಗೆ ಬರಲಿಲ್ಲ. ಮಧ್ಯಾಹ್ನದ ಆಟಕ್ಕೆ ಅವಳು ಚಿತ್ರಮಂದಿರದ ಸಾಲಿನಲ್ಲಿ ನಿಂತಿದ್ದಳೆಂಬ ವರ್ತಮಾನ ಸಂಜೆಯೊಳಗೆ ನಮಗೆ ತಲುಪಿತು. ಗುರುವಾರ ಅವಳನ್ನು ಕರೆಸಿ ಕಾರಣವನ್ನು ಕೇಳಿದೆವು. ಅವಳು ನೆಲವನ್ನು ನೋಡುತ್ತ ನಿಂತಳೇ ಹೊರತು ಬಾಯಿಬಿಡಲಿಲ್ಲ. ಒಂದು ಗಂಟೆಯ ಕಾಲ ಆಫೀಸಿನ ಹೊರಗೆ, ಹೋಗಿ ಬರುವವರ ಕಣ್ಣೆದುರಿಗೆ, ಅವಳನ್ನು ನಿಲ್ಲಿಸಿದೆವು. ತಂದೆಯನ್ನು ಕರೆತರಬೇಕೆಂದು ಡೈರಿಯಲ್ಲಿ ಬರೆದೆವು. ಅಷ್ಟಕ್ಕೇ ಬಿಡದೆ, ಶುಕ್ರವಾರದ ಬೆಳಗಿನ ಪ್ರಾರ್ಥನಾಸಭೆಯಲ್ಲಿ, ಹೆಸರು ಹೇಳದಿದ್ದರೂ ಎಲ್ಲರಿಗೂ ತಿಳಿಯುವಂತೆ, ಒಂದು ಆಟದ ಟಿಕೆಟಿಗೆ ಒಂದು ದಿನದ ಪಾಠವನ್ನು ಮಾರಿಕೊಳ್ಳುವವರ ವಿಷಯವಾಗಿ ಸಾಕಷ್ಟು ಕಟುವಾಗಿ ಮಾತಾಡಿದೆವು. ಅದೇ ಚಿತ್ರದ ಎರಡು ಟಿಕೆಟುಗಳ ತುಂಡುಗಳು ಆ ಹೊತ್ತಿನಲ್ಲಿ ನಮ್ಮ ಕೈಚೀಲದಲ್ಲಿಯೇ ಇದ್ದವು.

ತಂದೆಯು ಅದೇ ದಿನ ಬಂದರು. ಬಿಳಿಯ ಅಂಗಿಯನ್ನು ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು. ಕುಳಿತುಕೊಳ್ಳಿರೆಂದರೂ ಕುಳಿತುಕೊಳ್ಳಲಿಲ್ಲ.

"ಟೀಚರಮ್ಮ, ತಪ್ಪು ಅವಳದ್ದಲ್ಲ. ನಾನೇ ಕರೆದುಕೊಂಡು ಹೋದದ್ದು," ಎಂದರು. "ನಾನು ಕೋಲ ಕಟ್ಟುವವ. ನನ್ನ ಅಪ್ಪನೂ ಕಟ್ಟಿದವರು. ಇವಳು ಹುಟ್ಟಿದಾಗಿನಿಂದ ನನ್ನ ಗಗ್ಗರ ನೋಡಿದವಳು. ಆದರೆ ಐದನೇ ಕ್ಲಾಸಿನ ನಂತರ ಕೋಲಕ್ಕೆ ಬರುವುದು ಬಿಟ್ಟಳು. ಗೆಳತಿಯರು ಯಾರಾದರೂ ನೋಡಿದರೆ ಅಂತ ಹೆದರಿಕೆ. ನಾನು ಜೋರು ಮಾಡಲಿಲ್ಲ. ಮೊನ್ನೆ ಟಾಕೀಸಿನಲ್ಲಿ ಜನ ಎದ್ದು ನಿಂತು ಕೈಮುಗಿಯುತ್ತಾರೆ ಅಂತ ಕೇಳಿದೆ. ಅದನ್ನು ಇವಳು ಒಂದು ಸಲ ನೋಡಲಿ ಅಂತ. ದೀಪಾವಳಿ ಕಳೆದರೆ ನನಗೆ ಬಿಡುವಿಲ್ಲ. ರಜೆ ಕೇಳಿದರೆ ಕಾರಣ ಹೇಳಬೇಕು, ಹೇಳಲು ಇವಳಿಗೆ ನಾಚಿಕೆ."

ಮಗಳು ಬಾಗಿಲಿನ ಮರೆಯಲ್ಲಿ ನಿಂತಿದ್ದಳು. ನಾವು ಏನು ಉತ್ತರ ಕೊಟ್ಟೆವೆಂಬುದು ಈಗ ಸರಿಯಾಗಿ ನೆನಪಿಲ್ಲ. ಕುಳಿತುಕೊಳ್ಳಿರೆಂದು ಎರಡನೆಯ ಸಾರಿ ಹೇಳಿದೆವು. ಈ ಸಾರಿ ಕುಳಿತರು.

ನಮ್ಮ ವಿಶ್ವಾಸ ಬೇರೆ. ಅದನ್ನು ನಾವು ಯಾರಿಗಾಗಿಯೂ ಮುಚ್ಚಿಟ್ಟವರಲ್ಲ. ನಮ್ಮ ಮನೆಯ ಹಿಂದಿನ ಗುತ್ತಿನಲ್ಲಿ ಕೋಲ ನಡೆಯುವ ರಾತ್ರಿ, ಅಜ್ಜಿಯವರು ಕಿಟಕಿಗಳನ್ನೆಲ್ಲ ಮುಚ್ಚಿ, ನಮ್ಮನ್ನು ಹತ್ತಿರಕ್ಕೆ ಎಳೆದುಕೊಂಡು ಪ್ರಾರ್ಥನೆ ಮಾಡುತ್ತಿದ್ದರು. ಅದು ಸೈತಾನನ ಕೆಲಸವೆಂದೇ ನಾವು ಕಲಿತದ್ದು. ಕಲಿತವರು ನಾವು ಮಾತ್ರವಲ್ಲ. ಮ್ಯಾನರ್ ಪಾದ್ರಿಗಳು ತುಳು ಭಾಷೆಯ ನಿಘಂಟನ್ನು 1886ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. ದೈವಗಳ ಹುಟ್ಟುಕಥೆಗಳನ್ನು ಹಾಡುವ ಪಾಡ್ದನಗಳನ್ನೂ ಕೂಡಿಸಿದರು. ಬರ್ನೆಲ್ ಎಂಬ ನ್ಯಾಯಾಧೀಶರ ಸಂಗ್ರಹವು 1894ರಿಂದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಪ್ರಕಟವಾದಾಗ ಅದಕ್ಕಿಟ್ಟ ಹೆಸರು "ತುಳುವರ ಪಿಶಾಚಾರಾಧನೆ" ಎಂಬರ್ಥದ್ದು. ಹಾಡುಗಳನ್ನು ಇಷ್ಟು ಶ್ರದ್ಧೆಯಿಂದ ಬರೆದುಕೊಂಡ ಆ ಮಹನೀಯರಿಗೆ, ಅವನ್ನು ಹಾಡಿದವರ ಮಕ್ಕಳು ಆ ತಲೆಬರಹವನ್ನು ಒಂದು ದಿನ ಓದಿಯಾರೆಂಬ ಯೋಚನೆ ಬಂದಿತ್ತೋ ಇಲ್ಲವೋ. ನಮಗಂತೂ ಬಂದಿರಲಿಲ್ಲ, ನಮ್ಮ ಶಾಲೆಯ ಬೆಂಚಿನ ಮೇಲೆ ಅವರ ಮಗಳೇ ಕುಳಿತಿದ್ದರೂ.

ಸೋಮವಾರ ಆ ಹುಡುಗಿಯು ತಾನಾಗಿ ಆಫೀಸಿಗೆ ಬಂದು, ಬಹಳ ಮೆಲ್ಲನೆ, "ಟೀಚರ್, ದೊಡ್ಡ ಪುಸ್ತಕದಲ್ಲಿ ಅಪ್ಪನ ಕೆಲಸ ತಪ್ಪು ಬರೆದಿದೆ. ತಿದ್ದಬಹುದಾ?" ಎಂದು ಕೇಳಿದಳು. ಪ್ರವೇಶಪುಸ್ತಕವನ್ನು ತೆಗೆದು ನೋಡಿದೆವು. ತಂದೆಯ ಉದ್ಯೋಗವೆಂಬ ಅಂಕಣದಲ್ಲಿ "ಕೂಲಿ" ಎಂದಿತ್ತು. ತಪ್ಪೂ ಅಲ್ಲ. ನಮ್ಮ ಪ್ರವೇಶ ನಡೆಯುವುದು ಜೂನ್ ತಿಂಗಳಲ್ಲಿ. ಪತ್ತನಾಜೆ ಕಳೆದು ಗಗ್ಗರವನ್ನು ಒಳಗಿಟ್ಟು, ಮಳೆಗಾಲವಿಡೀ ತೋ��ದ ಕೆಲಸಕ್ಕೆ ಹೋಗುವ ಕಾಲ. ಆದರೆ ಬರೆಸಿದವಳು ಅವಳೇ, ಉಳಿದದ್ದನ್ನು ಬೇಕೆಂದೇ ಬಿಟ್ಟವಳೂ ಅವಳೇ.

ಪ್ರವೇಶಪುಸ್ತಕವನ್ನು ಮನಬಂದಂತೆ ತಿದ್ದಕೂಡದು. ತಂದೆಯಿಂದ ಅರ್ಜಿಯನ್ನು ಬರೆಸಿಕೊಂಡು, ಕೆಂಪು ಶಾಯಿಯಲ್ಲಿ ತಿದ್ದಿ, ತಾರೀಖು ಹಾಕಿ, ಮುಖ್ಯೋಪಾಧ್ಯಾಯಿನಿಯು ರುಜು ಮಾಡಬೇಕು. ಏನೆಂದು ಬರೆಯುವುದೆಂಬ ಪ್ರಶ್ನೆ ಎದ್ದಿತು. ಹಿಂದಿನ ವಾರವಷ್ಟೇ, ಅರವತ್ತು ವರ್ಷ ಮೀರಿದ ದೈವನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನವನ್ನು ಸರಕಾರವು ಘೋಷಿಸಿತ್ತು. ಆ ಮಾತು ವೃತ್ತಪತ್ರಿಕೆಯಲ್ಲಿ ಬಂದಿತ್ತು. ಅದನ್ನೇ ಬರೆಯೋಣವೆಂದೆವು. ತಂದೆಯವರು ಸ್ವಲ್ಪ ಯೋಚಿಸಿ, "ಕೂಲಿಯೂ ಇರಲಿ ಟೀಚರಮ್ಮ. ಆರು ತಿಂಗಳು ಅನ್ನ ಕೊಡುವುದು ಅದೇ," ಎಂದರು. ಹಾಗೆಯೇ ಆಯಿತು. ಆ ಪುಟದಲ್ಲಿ ಈಗ "ಕೂಲಿ, ದೈವನರ್ತಕ" ಎಂದಿದೆ. ಬರೆಯುವಾಗ ನಮ್ಮ ಅಜ್ಜಿಯವರ ಮುಚ್ಚಿದ ಕಿಟಕಿಗಳು ನೆನಪಿಗೆ ಬಂದವು; ಕೈ ಒಂದು ಕ್ಷಣ ತಡೆಯಿತೆಂಬುದನ್ನೂ ಒಪ್ಪಿಕೊಳ್ಳುವೆವು.

ಹುಡುಗಿಯನ್ನು ಒಳಗೆ ಕರೆದು ಕ್ಷಮೆ ಕೇಳಿದೆವು. ಆದರೆ ಪ್ರಾರ್ಥನಾಸಭೆಯಲ್ಲಿ ಆಡಿದ ಮಾತನ್ನು ಪ್ರಾರ್ಥನಾಸಭೆಯಲ್ಲಿಯೇ ಹಿಂತೆಗೆದುಕೊಳ್ಳಬೇಕಾಗಿತ್ತು. ನಾಳೆ, ನಾಳಿದ್ದು ಎನ್ನುತ್ತ ವರ್ಷವು ಕಳೆದುಹೋಯಿತು, ಅವಳು ಶಾಲೆಯನ್ನೂ ಮುಗಿಸಿ ಹೋದಳು. ಚಾಮಯ್ಯ ಮೇಷ್ಟರನ್ನು ಕುರಿತು ಮೇಲೆ ಬರೆದ ಮಾತು ಎಲ್ಲಿಂದ ಬಂತೆಂದು ಈಗ ವಾಚಕರಿಗೆ ತಿಳಿದಿರಬಹುದು. ಆ ಶುಕ್ರವಾರ ಸಭೆಯಲ್ಲಿದ್ದವರಲ್ಲಿ ಅನೇಕರ ಕೈಗೆ ಈ ಸಂಚಿಕೆ ಸೇರುವುದು. ಅವರ ಮುಂದೆ ಆ ಮಾತನ್ನು ಈಗ ಹಿಂತೆಗೆದುಕೊಂಡಿದ್ದೇವೆ. ಇದನ್ನು ಬರೆಯಲು ತಂದೆಯ ಮತ್ತು ಮಗಳ ಒಪ್ಪಿಗೆಯನ್ನು ಪಡೆದೆವು. ಹೆಸರನ್ನು ಹಾಕುವುದು ಬೇಡವೆಂದವರು ನಾವು. ಹಾಕಿ ಎಂದವಳು ಅವಳು.

ಇನ್ನು ಮುಂದೆ ನೋಡಲಿರುವ ಚಿತ್ರಗಳು. ಗೀತು ಮೋಹನದಾಸ್ ಎಂಬ ಮಹಿಳೆಯ ದಿಗ್ದರ್ಶನದಲ್ಲಿ ಯಶ್ ಅವರು ನಟಿಸುವ "ಟಾಕ್ಸಿಕ್" 2023ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅಷ್ಟು ದೊಡ್ಡ ಬಂಡವಾಳವನ್ನು ಹೆಂಗಸಿನ ಕೈಗೆ ಕೊಟ್ಟರೆಂಬ ಒಂದೇ ಕಾರಣಕ್ಕೆ ನಾವು ನೋಡುವೆವು. ಹೆಸರಿನ ಕೆಳಗೆಯೇ ಇದು ದೊಡ್ಡವರ ಕಿನ್ನರಕಥೆಯೆಂದು ಬರೆದಿರುವುದರಿಂದ ನಮ್ಮ ಹುಡುಗಿಯರು ಅನುಮತಿ ಕೇಳಲು ಬರಬಾರದಾಗಿ ಸೂಚಿಸಲಾಗಿದೆ.

ನಿತೇಶ್ ತಿವಾರಿಯವರ "ರಾಮಾಯಣ"ವು ಎರಡು ಭಾಗಗಳಲ್ಲಿ, 2026 ಮತ್ತು 2027ರ ದೀಪಾವಳಿಗಳಿಗೆ ಎಂದು 2024ರಲ್ಲಿ ಪ್ರಕಟಿಸಿದರು. ಸಾಯಿ ಪಲ್ಲವಿಯವರು ಸೀತೆ. ರಾವಣನಾಗಿ ನಮ್ಮ ಯಶ್. ಇದರಲ್ಲಿ ನಮಗೊಂದು ವಿಶೇಷ ಕುತೂಹಲವಿದೆ. ಕನ್ನಡದ ಮೊದಲ ವಾಕ್ಚಿತ್ರ "ಸತಿ ಸುಲೋಚನಾ" ತೆರೆಗೆ ಬಂದದ್ದು 1934ರ ಮಾರ್ಚ್ 3ರಂದು. ಅದು ರಾಮಕಥೆಯೇ, ಆದರೆ ಅಯೋಧ್ಯೆಯ ಕಡೆಯಿಂದಲ್ಲ, ಲಂಕೆಯ ಕಡೆಯಿಂದ. ರಾವಣನ ಸೊಸೆಯಾದ ಸುಲೋಚನೆಯೇ ಕಥಾನಾಯಿಕೆ. ತ್ರಿಪುರಾಂಬ ಸುಲೋಚನೆಯಾಗಿ, ಸುಬ್ಬಯ್ಯ ನಾಯಿಡುಗಳು ಇಂದ್ರಜಿತನಾಗಿ, ನಾಗೇಂದ್ರರಾಯರು ರಾವಣನಾಗಿ, ದೂರದ ಕೊಲ್ಲಾಪುರದ ಸ್ಟುಡಿಯೋದಲ್ಲಿ ನಟಿಸಿದರು. ಕನ್ನಡವು ತೆರೆಯ ಮೇಲೆ ಮೊದಲು ಬಾಯಿಬಿಟ್ಟದ್ದು ಸೋತವರ ಮನೆಯ ಸೊಸೆಯ ದುಃಖವನ್ನು ಹೇಳಲಿಕ್ಕೆ. ಹೊಸ ಚಿತ್ರದಲ್ಲಿ ಅವಳಿಗೆ ಎಷ್ಟು ನಿಮಿಷ ಕೊಡುವರೆಂದು ಗಡಿಯಾರವನ್ನು ಹಿಡಿದು ನೋಡಲಿದ್ದೇವೆ.

"ಕಾಂತಾರ: ಅಧ್ಯಾಯ 1" 2025ರ ಅಕ್ಟೋಬರ್ 2ರಂದು ಬಿಡುಗಡೆಯಾಯಿತು. ಕದಂಬರ ಕಾಲದ ಕಥೆ. ಕೋಟೆಗಳು, ರಥಗಳು, ಯುದ್ಧಗಳು ಕಣ್ಣಿಗೆ ಹಬ್ಬವೇ ಸರಿ. ಆದರೂ ಮೊದಲ ಚಿತ್ರದ ಹಟ್ಟಿ, ಕೋಣ, ಕೆಸರುಗದ್ದೆಗಳೇ ನಮಗೆ ಮೆಚ್ಚು. ಅಂಗಳದಲ್ಲಿ ನಿಂತ ದೈವವು ಆಕಾಶಕ್ಕೆ ಏರಿದಷ್ಟೂ ನಮಗೆ ದೂರವಾಗುತ್ತ ಹೋಯಿತು. ಚಿತ್ರಮಂದಿರಗಳಲ್ಲಿ ದೈವದ ಅನುಕರಣೆ ಮಾಡಬಾರದೆಂದು ಚಿತ್ರದವರೇ ಜನರನ್ನು ಬೇಡಿಕೊಳ್ಳಬೇಕಾಯಿತು.

ನವೆಂಬರಿನಲ್ಲಿ ಆ ಹುಡುಗಿಯು ಯಾವುದೋ ದೃಢಪತ್ರಕ್ಕಾಗಿ ಶಾಲೆಗೆ ಬಂದಳು. ಈಗ ಮೊದಲನೆಯ ಪಿ.ಯು.ಸಿ.ಯಲ್ಲಿದ್ದಾಳೆ, ಎತ್ತರವಾಗಿದ್ದಾಳೆ. ತಂದೆಯವರು ಹೊಸ ಚಿತ್ರವನ್ನು ನೋಡಿದರೋ ಎಂದು ವಿಚಾರಿಸಿದೆವು.

"ನೋಡಿದರು ಟೀಚರ್. ಹಿಂದಿನ ರಾತ್ರಿ ಕೋಲ ಇತ್ತಲ್ಲ, ಯುದ್ಧ ಶುರುವಾದದ್ದೇ ನಿದ್ದೆ ಹೋದರು. ಗಗ್ಗರದ ಶಬ್ದ ಬಂದಾಗ ಮಾತ್ರ ಎದ್ದು ಕೂತರು."

"ಏನೆಂದರು?"

"ಗಗ್ಗರ ಸರಿಯಾಗಿ ಕಟ್ಟಿದ್ದಾರೆ ಅಂದರು. ಮತ್ತೆ ಮಲಗಿದರು." ಅವಳು ದೃಢಪತ್ರವನ್ನು ಚೀಲಕ್ಕೆ ಸೇರಿಸಿಕೊಂಡು, ಬಾಗಿಲ ಬಳಿ ನಿಂತು ಕೇಳಿದಳು: "ನೀವು ಎಷ್ಟು ಸಲ ನೋಡಿದಿರಿ ಟೀಚರ್?"

ಎರಡು ಸಲ ಎಂದೆವು. ಮೂರು ಸಲವಾಗಿತ್ತು.